ಹಳೆ ಫೋನು, ಸತ್ತ ಯುಪಿಎಸ್, ಕೆಟ್ಟ ಫ್ರಿಜ್ಜು: ಯಾರ ಕೈಗೆ ಕೊಡೋದು?

ದೀಪಾವಳಿ ಕ್ಲೀನಿಂಗ್ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ. ಡ್ರಾಯರ್ ತುಂಬ ಹಳೆ ಮೊಬೈಲು, ಗಂಟು ಬಿದ್ದ ಚಾರ್ಜರುಗಳು, ಅಟ್ಟದ ಮೇಲೆ ಒಂದು ಡಬ್ಬಾ ಟಿವಿ. ಒಬ್ಬರು "ಗುಜರಿಯವರಿಗೆ ಕೊಡಿ, ನಾಲ್ಕು ಕಾಸು ಬರತ್ತೆ" ಅಂತಾರೆ. ಇನ್ನೊಬ್ಬರು "ಅಯ್ಯೋ ಬೇಡ, ಅಧಿಕೃತ ರೀಸೈಕ್ಲರನ್ನೇ ಕರೆಸಿ" ಅಂತಾರೆ. ಮತ್ತೊಬ್ಬರು ಎಕ್ಸ್‌ಚೇಂಜ್ ಆಫರಿನ ಲಿಂಕ್ ಹಾಕುತ್ತಾರೆ. ಚರ್ಚೆ ಎರಡು ದಿನ ನಡೆದು ನಿಲ್ಲುತ್ತದೆ. ಟಿವಿ ಅಟ್ಟದಲ್ಲೇ ಉಳಿಯುತ್ತದೆ.

ಸಣ್ಣ ಆಫೀಸುಗಳಿಗೆ ಈಗ ಇದೇ ತಲೆನೋವು ಬೇರೆ ದಾರಿಯಲ್ಲಿ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ, ಆದರೆ ಚೆನ್ನಾಗಿಯೇ ಓಡುವ ಕಂಪ್ಯೂಟರುಗಳು ರಾಶಿ ಬಿದ್ದಿವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಒಬ್ಬರ ಕೈಗೇ ಕೊಡುವುದು ಹೆಚ್ಚಿನ ಸಲ ಒಳ್ಳೆಯ ಆಯ್ಕೆ ಅಲ್ಲ. ಫೋನಿಗೆ ಸರಿಹೋಗುವ ದಾರಿ ಫ್ರಿಜ್ಜಿಗೆ ಸರಿಹೋಗುವುದಿಲ್ಲ. ಫ್ರಿಜ್ಜಿನ ದಾರಿ ಟ್ಯೂಬ್‌ಲೈಟಿಗೆ ಆಗದು. ಯಾವುದಕ್ಕೆ ಯಾವ ದಾರಿ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಯಾವುದರಿಂದ ಅಳೆಯೋದು?

ನಾನು ನೋಡುವುದು ಐದು ವಿಷಯ. ಮೊದಲನೆಯದು, ವಸ್ತು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ. ಬಾಗಿಲಿಗೆ ಬಂದವರು ಯಾರು ಅನ್ನುವುದಕ್ಕಿಂತ, ಅವರಿಂದ ಮೂರನೇ ಕೈಗೆ ಹೋದಾಗ ಏನಾಗುತ್ತದೆ ಅನ್ನುವುದು ಮುಖ್ಯ. ಎರಡನೆಯದು ಸಾಗಣೆ: ಗಾಡಿ ಯಾರದ್ದು, ಬಾಡಿಗೆ ಯಾರ ಮೇಲೆ. ಮೂರನೆಯದು ನಮ್ಮ ಕೈಗೆ ಬರುವ ದುಡ್ಡು, ಅಥವಾ ಕೈಯಿಂದ ಹೋಗುವ ದುಡ್ಡು. ನಾಲ್ಕನೆಯದು ಒಳಗಿರುವ ಡೇಟಾ. ಐದನೆಯದು ಕಾಗದ, ಅಂದರೆ ಯಾರಿಗೆ ಏನು ಕೊಟ್ಟೆವು ಅನ್ನುವ ದಾಖಲೆ. ಮನೆಯವರಿಗೆ ಕಾಗದದ ಗೊಡವೆ ಬೇಕಿಲ್ಲ. ಕಂಪನಿಗೆ, ಕಾಲೇಜಿಗೆ, ಆಸ್ಪತ್ರೆಗೆ ಬೇಕು.

ಈ ಐದರಲ್ಲಿ ಜನ ಯೋಚನೆ ಮಾಡುವುದು ದುಡ್ಡನ್ನು. ಎಲ್ಲವನ್ನೂ ನಿಜವಾಗಿ ತೀರ್ಮಾನಿಸುವುದು ಸಾಗಣೆ. ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಬಾಡಿಗೆಯ ಲೆಕ್ಕ

ಹೊಸ ಟಿವಿ ನಮ್ಮ ಮನೆಗೆ ಬರುವಾಗ ಕಾರ್ಖಾನೆಯಿಂದ ಲಾರಿಗಟ್ಟಲೆ ಒಟ್ಟಿಗೆ ಬಂದಿರುತ್ತದೆ. ಒಂದೊಂದು ಟಿವಿಯ ಮೇಲೆ ಬೀಳುವ ಸಾಗಣೆ ಖರ್ಚು ಕಡಿಮೆ. ಹಳೆಯದು ವಾಪಸ್ ಹೋಗುವಾಗ ಹಾಗಲ್ಲ. ಒಂದೊಂದು ಮನೆಯಿಂದ ಒಂದೊಂದು, ಒಂದೊಂದು ದಿನ. ಒಂದರಲ್ಲಿ ಬ್ಯಾಟರಿ ಉಬ್ಬಿದೆ, ಇನ್ನೊಂದರಲ್ಲಿ ಗಾಜು ಒಡೆದಿದೆ. ರೀಸೈಕ್ಲಿಂಗ್ ಘಟಕಗಳು ಇರುವುದೋ ಊರಾಚೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ (ಎಲೆಕ್ಟ್ರಾನಿಕ್ಸ್ ಕಸ) ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ. ಜಯನಗರದ ಒಂದು ಮಿಕ್ಸಿ ಅಲ್ಲಿಗೆ ತಾನಾಗಿ ಹೋಗುವುದಿಲ್ಲ ಅಲ್ವಾ?

ಒಂದು ಒರಟು ಲೆಕ್ಕ ಹಾಕಿ. ಒಂದು ಟಾಟಾ ಏಸ್ ಬಂದು ಹೋಗಲು ಆಳಿನ ಕೂಲಿ ಸೇರಿ 2,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿಮ್ಮ ಹತ್ತಿರ 20 ಕೆಜಿ ಇದ್ದರೆ ಕೆಜಿಗೆ 100 ರೂಪಾಯಿ ಸಾಗಣೆಗೇ ಹೋಯಿತು. 400 ಕೆಜಿ ಇದ್ದರೆ ಕೆಜಿಗೆ ಬರೀ 5 ರೂಪಾಯಿ.

ಈಗ ಇದರ ಪಕ್ಕ ಇನ್ನೊಂದು ಅಂಕಿ ಇಡಿ. ತಯಾರಕ ಕಂಪನಿಗಳು ತಾವು ಮಾರಿದ ಸರಕಿನ ಒಂದು ಪಾಲನ್ನು ರೀಸೈಕಲ್ ಮಾಡಿಸಲೇಬೇಕು ಅಂತ 2022ರ ಇ-ತ್ಯಾಜ್ಯ ನಿಯಮ ಹೇಳುತ್ತದೆ. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗುರಿ ಮೊದಲ ಎರಡು ವರ್ಷ ಶೇ 60, ಆಮೇಲೆ ಎರಡು ವರ್ಷ ಶೇ 70, 2027-28ರಿಂದ ಶೇ 80. ಇದಕ್ಕಾಗಿ ಕಂಪನಿಗಳು ಇಷ್ಟು ರೀಸೈಕಲ್ ಆಗಿದೆ ಅನ್ನುವ ಸರ್ಟಿಫಿಕೇಟನ್ನು ರೀಸೈಕ್ಲರ್‌ಗಳಿಂದ ಕೊಳ್ಳುತ್ತವೆ. ಮನೆಬಳಕೆಯ ಎಲೆಕ್ಟ್ರಾನಿಕ್ಸ್‌ಗೆ ಕಂಪನಿಗಳು ರೀಸೈಕ್ಲರಿಗೆ ಕೊಡಬೇಕು ಅಂತ ಕೇಂದ್ರ ಸರ್ಕಾರ ಹಾಕಿದ ಕನಿಷ್ಠ ದರ ಕೆಜಿಗೆ 22 ರೂಪಾಯಿ. ಅದೂ ಜಾಸ್ತಿ ಅಂತ ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು.

2,000ವನ್ನು 22ರಿಂದ ಭಾಗಿಸಿ. ಸುಮಾರು 90 ಕೆಜಿ. ಗಾಡಿಯಲ್ಲಿ ಅಷ್ಟು ಇಲ್ಲದಿದ್ದರೆ ಆ 22 ರೂಪಾಯಿ ಪೂರ್ತಿ ಬಾಡಿಗೆಗೇ ಮುಗಿಯುತ್ತದೆ. "ಮನೆ ಬಾಗಿಲಿಗೇ ಬಂದು ಉಚಿತವಾಗಿ ಒಯ್ಯುತ್ತೇವೆ" ಅನ್ನುವವರು ಒಂದು ಚಾರ್ಜರ್, ಎರಡು ಫೋನಿಗೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಕಾರಣ ಇದೇ. ಅವರ ಸೋಮಾರಿತನ ಅಂತ ಬೈದು ಪ್ರಯೋಜನ ಇಲ್ಲ.

ಹಾಗಾದರೆ ಎರಡೇ ದಾರಿ. ಒಂದೋ, ಗಾಡಿ ತುಂಬುವಷ್ಟು ಕೂಡಿಸಬೇಕು. ಇಲ್ಲವೇ, ಹೇಗೂ ನಮ್ಮ ಮನೆಗೆ ಬಂದು ಖಾಲಿ ವಾಪಸ್ ಹೋಗುವ ಗಾಡಿಗೆ ಹತ್ತಿಸಬೇಕು. ಮುಂದಿನ ಆಯ್ಕೆಗಳನ್ನೆಲ್ಲ ಈ ಕಣ್ಣಿನಿಂದ ನೋಡಿ.

ಗುಜರಿ

ಗುಜರಿಯವರನ್ನು ಖಳನಾಯಕ ಮಾಡುವುದು ಸುಲಭ. ಆದರೆ ಸಾಗಣೆಯ ವಿಷಯದಲ್ಲಿ ಅವರಷ್ಟು ಜಾಣರು ಇನ್ನೊಬ್ಬರಿಲ್ಲ. ತಳ್ಳುಗಾಡಿ ಬೀದಿಯಲ್ಲೇ ಓಡಾಡುತ್ತಿರುತ್ತದೆ, ಪೇಪರ್, ಕಬ್ಬಿಣ, ಪ್ಲಾಸ್ಟಿಕ್ ಜೊತೆಗೇ ನಿಮ್ಮ ಮಿಕ್ಸಿಯೂ ಹೋಗುತ್ತದೆ. ಬಾಡಿಗೆ ಲೆಕ್ಕವೇ ಇಲ್ಲ. ಕೈಗೆ ತಕ್ಷಣ ದುಡ್ಡು. ನಮ್ಮ ದೇಶದಲ್ಲಿ ಹಳೆ ಎಲೆಕ್ಟ್ರಾನಿಕ್ಸ್‌ನ ಬಹುಪಾಲು ಇಂದಿಗೂ ಹೊರಡುವುದು ಈ ದಾರಿಯಲ್ಲೇ.

ಇನ್ನೊಂದು ಒಳ್ಳೆಯ ಗುಣವೂ ಇದೆ. ಈ ದಾರಿಯಲ್ಲಿ ಬಿಡಿಭಾಗಗಳು ಬದುಕುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಮ್ಮೆ ಸುತ್ತಿದರೆ ಗೊತ್ತಾಗುತ್ತದೆ. ಹಳೆ ರ‍್ಯಾಮ್, ಡಿಸ್‌ಪ್ಲೇ, ಅಡಾಪ್ಟರ್, ಮದರ್‌ಬೋರ್ಡ್ ಎಲ್ಲ ಮತ್ತೆ ಯಾರದೋ ಕಂಪ್ಯೂಟರ್ ಸೇರುತ್ತವೆ. ಕೆಲಸ ಮಾಡುವ ಭಾಗವನ್ನು ಪುಡಿ ಮಾಡಿ ತಾಮ್ರ ತೆಗೆಯುವುದಕ್ಕಿಂತ ಇದು ಎಷ್ಟೋ ಮೇಲು. ದೊಡ್ಡ ದೊಡ್ಡ ಘಟಕಗಳು ಈ ವಿಷಯದಲ್ಲಿ ಎಸ್‌ಪಿ ರಸ್ತೆಯ ಹುಡುಗರಿಂದ ಕಲಿಯುವುದು ಬಹಳ ಇದೆ ಅಂತ ನನಗೆ ಅನ್ನಿಸುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಬಳಕೆಗೆ ಬಾರದ ಉಳಿಕೆ ಕೈಯಿಂದ ಕೈಗೆ ಹೋಗುತ್ತದೆ. ವೈರನ್ನು ತಾಮ್ರಕ್ಕಾಗಿ ಸುಡುತ್ತಾರೆ, ವೈರಿನ ಪಿವಿಸಿ ಹೊದಿಕೆ ಸುಟ್ಟ ಹೊಗೆಯಲ್ಲಿ ಡೈಆಕ್ಸಿನ್ ಅನ್ನುವ ವಿಷ ಇರುತ್ತದೆ. ಸರ್ಕ್ಯೂಟ್ ಬೋರ್ಡುಗಳು ಮೂಟೆಗಟ್ಟಲೆ ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಕಡೆಗೂ ಹೋಗುತ್ತವೆ. ಅಲ್ಲಿ ಅವನ್ನು ಬಿಸಿ ಮಾಡಿ ಬಿಡಿಭಾಗ ಕೀಳುವುದು, ಆಸಿಡ್‌ನಲ್ಲಿ ಅದ್ದಿ ಲೋಹ ತೆಗೆಯುವುದು ವರ್ಷಗಳಿಂದ ನಡೆದುಬಂದಿದೆ. ಉಳಿದ ಆಸಿಡ್ ಚರಂಡಿಗೆ, ನದಿಗೆ. ಕೈಗವಸು ಇಲ್ಲದೆ ಕೆಲಸ ಮಾಡುವವರ ಪಾಡು ಹೇಳಬೇಕಿಲ್ಲ.

ಫ್ರಿಜ್, ಎಸಿಗಳದ್ದು ಇನ್ನೊಂದು ಕಥೆ. ಗುಜರಿಯಲ್ಲಿ ಕಂಪ್ರೆಸರ್ ಕತ್ತರಿಸುವಾಗ ಒಳಗಿನ ಗ್ಯಾಸ್ ಹಾಗೇ ಗಾಳಿಗೆ ಹೋಗುತ್ತದೆ. ಹಳೆ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿದ್ದ ಆರ್-134ಎ ಅನ್ನುವ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಬಲಶಾಲಿ. ಹೊಸ ಫ್ರಿಜ್ಜುಗಳ ಆರ್-600ಎ ಅಷ್ಟು ಕೆಟ್ಟದ್ದಲ್ಲ, ಆದರೆ ಬೆಂಕಿ ಹಿಡಿಯುತ್ತದೆ. ಡಬ್ಬಾ ಟಿವಿಯಿಂದ ತಾಮ್ರದ ಸುರುಳಿ ಕಿತ್ತುಕೊಂಡು ಗಾಜನ್ನು ಎಲ್ಲೋ ಸುರಿಯುತ್ತಾರೆ, ಆ ಗಾಜಿನಲ್ಲಿ ಸೀಸ ಇದೆ.

ನನ್ನ ತೀರ್ಪು: ಕಬ್ಬಿಣದ ಫ್ಯಾನು, ಗ್ರೈಂಡರ್, ಇಸ್ತ್ರಿಪೆಟ್ಟಿಗೆಯಂಥ ಬೋರ್ಡು, ಬ್ಯಾಟರಿ, ಗ್ಯಾಸು ಇಲ್ಲದ ಸಾಮಾನನ್ನು ಗುಜರಿಗೆ ಕೊಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಫ್ರಿಜ್, ಎಸಿ, ಡಬ್ಬಾ ಟಿವಿ, ಟ್ಯೂಬ್‌ಲೈಟ್, ಲಿಥಿಯಂ ಬ್ಯಾಟರಿ ಇರುವ ಯಾವುದನ್ನೂ ಕೊಡಬೇಡಿ. ಹಾರ್ಡ್ ಡಿಸ್ಕ್ ಇರುವುದನ್ನಂತೂ ಕೊಡಲೇಬೇಡಿ.

ಎಕ್ಸ್‌ಚೇಂಜ್

ಹೊಸ ಫ್ರಿಜ್ ಇಳಿಸಿದ ಗಾಡಿ ಖಾಲಿ ಹೋಗುವ ಬದಲು ಹಳೆ ಫ್ರಿಜ್ ಹೇರಿಕೊಂಡು ಹೋಗುತ್ತದೆ. ಸಾಗಣೆಯ ಸಮಸ್ಯೆಗೆ ಇದಕ್ಕಿಂತ ಚೆಂದದ ಉತ್ತರ ಸಿಗುವುದು ಕಷ್ಟ. ಮೂರನೇ ಮಹಡಿಯಿಂದ ಇಳಿಸುವ ಕೆಲಸವೂ ತಪ್ಪುತ್ತದೆ. ಮೈಸೂರು, ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ರೀಸೈಕ್ಲರ್ ಹುಡುಕುವುದು ಕಷ್ಟವಾದರೂ ಷೋರೂಮಿನ ದಸರಾ ಎಕ್ಸ್‌ಚೇಂಜ್ ಆಫರ್ ಅಲ್ಲಿಗೂ ತಲುಪಿರುತ್ತದೆ.

ಕೊರತೆ ಏನು? ಹಳೆ ಫ್ರಿಜ್ ಆಮೇಲೆ ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ಎಷ್ಟೋ ಅಂಗಡಿಗಳಲ್ಲಿ ಉತ್ತರ ಸಿಗುವುದಿಲ್ಲ. ಕೆಲವು ಕಡೆ ಅದನ್ನು ಗುಜರಿ ವ್ಯಾಪಾರಿಗೇ ಲಾಟ್‌ನಲ್ಲಿ ಮಾರುತ್ತಾರೆ. ಹಾಗಾದರೆ ನಾವು ಸುಮ್ನೆ ಗುಜರಿಯ ದಾರಿಯನ್ನೇ ಸುತ್ತಿ ಬಳಸಿ ಹಿಡಿದಂತಾಯಿತು. ಕೊಳ್ಳುವಾಗ ಕೇಳಿ: "ಹಳೆಯದನ್ನು ಯಾವ ರೀಸೈಕ್ಲರಿಗೆ ಕಳಿಸ್ತೀರಿ?" ಹೆಸರು ಹೇಳಿದರೆ ಒಳ್ಳೆಯದು. ತಡವರಿಸಿದರೆ ಅದೇ ಉತ್ತರ.

ಫೋನಿನ ವಿಷಯದಲ್ಲಿ ಮಾತ್ರ ಎಕ್ಸ್‌ಚೇಂಜ್ ಬಹಳ ಒಳ್ಳೆಯದು, ಫೋನ್ ಆನ್ ಆಗುತ್ತಿದ್ದರೆ. ಅವು ರಿಪೇರಿಯಾಗಿ ಎರಡನೇ ಕೈಗೆ ಮಾರಾಟವಾಗುತ್ತವೆ. ಬೆಲೆ ಸ್ವಲ್ಪ ಕಡಿಮೆ ಸಿಗಬಹುದು. ನೀವೇ ಯಾರಿಗಾದರೂ ನೇರವಾಗಿ ಮಾರಿದರೆ ಇನ್ನೂ ಹೆಚ್ಚು ಬರುತ್ತದೆ, ಆದರೆ ಚೌಕಾಸಿ, ಅಪರಿಚಿತರ ಭೇಟಿ, "ಬ್ಯಾಟರಿ ಹೋಗಿದೆ ಸಾರ್" ಅಂತ ವಾರದ ನಂತರ ಫೋನ್, ಇದೆಲ್ಲ ಜೊತೆಗೆ ಬರುತ್ತದೆ. ಕೊಡುವ ಮೊದಲು ಗೂಗಲ್ ಅಥವಾ ಆಪಲ್ ಖಾತೆಯಿಂದ ಲಾಗೌಟ್ ಆಗಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಫೋನ್ ಲಾಕ್ ಆಗಿಯೇ ಉಳಿಯುತ್ತದೆ, ಬೆಲೆ ಬೀಳುತ್ತದೆ.

ಅಧಿಕೃತ ರೀಸೈಕ್ಲರ್

ವಸ್ತು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವುದು ಇಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿತ ರೀಸೈಕ್ಲರ್‌ಗಳ ಪಟ್ಟಿ ಇದೆ. ಕರ್ನಾಟಕದಲ್ಲೂ ಸಾಕಷ್ಟು ಮಂದಿ ಇದ್ದಾರೆ, ಬೆಂಗಳೂರಿನ ಸುತ್ತಮುತ್ತಲೇ ಹೆಚ್ಚು. ಒಳ್ಳೆಯ ಘಟಕದಲ್ಲಿ ವಸ್ತುವನ್ನು ಕೈಯಿಂದ ಬಿಡಿಸುತ್ತಾರೆ, ಬ್ಯಾಟರಿ, ಪಾದರಸದ ದೀಪ, ಟೋನರ್ ಬೇರೆ ತೆಗೆಯುತ್ತಾರೆ, ಉಳಿದದ್ದನ್ನು ಪುಡಿ ಮಾಡಿ ಲೋಹ, ಪ್ಲಾಸ್ಟಿಕ್ ಬೇರ್ಪಡಿಸುತ್ತಾರೆ. ಸರ್ಕ್ಯೂಟ್ ಬೋರ್ಡುಗಳನ್ನು ಬೆಲ್ಜಿಯಂನ ಉಮಿಕೋರ್‌ನಂಥ, ಲೋಹ ಕರಗಿಸಿ ತೆಗೆಯುವ ದೊಡ್ಡ ಸ್ಮೆಲ್ಟರ್‌ಗಳಿಗೆ ಕಳಿಸಿದ್ದೂ ಇದೆ. ಯಾಕೆಂದರೆ ಆ ಬೋರ್ಡುಗಳಲ್ಲಿ ಚಿನ್ನ ಇದೆ. 2001ರಲ್ಲಿ ಕೋಲಾರದ ಗಣಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿನಿಂದ ಕೆಲವೇ ಗ್ರಾಂ ಚಿನ್ನ ಬರುತ್ತಿತ್ತು. ಒಂದು ಟನ್ ಮೊಬೈಲ್ ಬೋರ್ಡುಗಳಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ.

ಆದರೆ ಇದೇ ಕಾರಣಕ್ಕೆ ರೀಸೈಕ್ಲರ್‌ಗಳಿಗೂ ಇಷ್ಟ-ಕಷ್ಟ ಇದೆ. ಲ್ಯಾಪ್‌ಟಾಪ್, ಸರ್ವರ್, ಫೋನ್ ಅಂದರೆ ಓಡಿ ಬರುತ್ತಾರೆ, ದುಡ್ಡೂ ಕೊಡುತ್ತಾರೆ. ಡಬ್ಬಾ ಟಿವಿ, ಟ್ಯೂಬ್‌ಲೈಟ್ ಅಂದರೆ ಮುಖ ಸಪ್ಪೆಯಾಗುತ್ತದೆ, ಒಯ್ಯಲು ನಮ್ಮಿಂದಲೇ ದುಡ್ಡು ಕೇಳಬಹುದು. ಇದರಲ್ಲಿ ಮೋಸ ಇಲ್ಲ. ಕಂಪನಿಗಳು ಕೊಳ್ಳುವ ಸರ್ಟಿಫಿಕೇಟ್‌ನ ಲೆಕ್ಕ ಶುರುವಾಗಿದ್ದೇ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಗಳ ಮೇಲೆ. ಸೀಸದ ಗಾಜಿಗೆ ಅಲ್ಲಿ ಜಾಗ ಇಲ್ಲ, ವಿಲೇವಾರಿಗೆ ಖರ್ಚು ಮಾತ್ರ ಇದೆ. ಒಳ್ಳೆ ಮಾಲನ್ನು ಬೇರೆಯವರಿಗೆ ಮಾರಿ, ಕಷ್ಟದ ಮಾಲನ್ನು ಮಾತ್ರ ರೀಸೈಕ್ಲರಿಗೆ ಕೊಡಲು ಹೊರಟರೆ ಅವರು ಬರುವುದಿಲ್ಲ. ಎರಡನ್ನೂ ಸೇರಿಸಿ ಕೊಟ್ಟರೆ ಒಪ್ಪುತ್ತಾರೆ. ಮಾತುಕತೆಗೆ ಕೂರುವಾಗ ಇದು ನೆನಪಿರಲಿ.

ಒಂದು ಎಚ್ಚರಿಕೆ. "ಇ-ವೇಸ್ಟ್ ತಗೋತೀವಿ" ಅಂತ ಬೋರ್ಡ್ ಹಾಕಿದವರೆಲ್ಲ ರೀಸೈಕ್ಲರ್ ಅಲ್ಲ. ಬರೀ ಕೂಡಿಸಿ ಮುಂದೆ ಸಾಗಿಸುವವರೂ ಇದ್ದಾರೆ. ಅದು ತಪ್ಪೇನಲ್ಲ, ಆದರೆ ಅವರು ಯಾವ ನೋಂದಾಯಿತ ಘಟಕಕ್ಕೆ ಕೊಡುತ್ತಾರೆ ಅನ್ನುವುದು ಬರವಣಿಗೆಯಲ್ಲಿ ಇರಬೇಕು.

ಒಣಕಸ ಕೇಂದ್ರ, ಕಂಪನಿಯ ಡಬ್ಬ

ಬೆಂಗಳೂರಿನ ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳಿವೆ. ಕೆಲವನ್ನು ಹಸಿರು ದಳದಂಥ ಸಂಸ್ಥೆಗಳ ಜೊತೆ ಸೇರಿ ಕಸ ಆಯುವ ಸಮುದಾಯದವರೇ ನಡೆಸುತ್ತಾರೆ. ನನಗೆ ಇಷ್ಟವಾದ ವ್ಯವಸ್ಥೆ ಇದು. ಗುಜರಿಯವರ ಸಾಗಣೆಯ ಜಾಣ್ಮೆಯೂ ಉಳಿಯುತ್ತದೆ, ಮಾಲು ಸರಿಯಾದ ಕಡೆ ತಲುಪುವ ಸಾಧ್ಯತೆಯೂ ಇರುತ್ತದೆ. ಚಾರ್ಜರ್, ವೈರ್, ರಿಮೋಟ್, ಇಯರ್‌ಫೋನ್‌ನಂಥ ಚಿಲ್ಲರೆ ಸಾಮಾನಿಗೆ ಇದಕ್ಕಿಂತ ಹತ್ತಿರದ ಜಾಗ ಇಲ್ಲ. ಆದರೆ ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸ ಬಹಳ. ಇ-ತ್ಯಾಜ್ಯವನ್ನು ಬೇರೆ ಇಡುತ್ತಾರಾ, ಯಾರಿಗೆ ಕಳಿಸುತ್ತಾರೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ಪೌರಕಾರ್ಮಿಕರ ಆಟೋಗೆ ಒಣಕಸದ ಜೊತೆ ಕಲಸಿ ಹಾಕಬೇಡಿ. ಲಿಥಿಯಂ ಬ್ಯಾಟರಿ ಜಜ್ಜಿ ಹೋದರೆ ಗಾಡಿಯಲ್ಲೇ ಬೆಂಕಿ ಹತ್ತಬಹುದು.

ಕಂಪನಿಗಳು ಅಂಗಡಿಯಲ್ಲಿ ಇಡುವ ಡಬ್ಬಗಳದ್ದು ಹಳೆ ಕಥೆ. 2009ರಲ್ಲಿ ನೋಕಿಯಾ ಬೆಂಗಳೂರು ಸೇರಿ ಕೆಲವು ಊರುಗಳಲ್ಲಿ ಪೆಟ್ಟಿಗೆ ಇಟ್ಟು, ಕೊಟ್ಟ ಫೋನಿಗೊಂದು ಗಿಡ ನೆಡುವುದಾಗಿ ಹೇಳಿತ್ತು. ಈಗಲೂ ಹಲವು ಬ್ರ್ಯಾಂಡ್‌ಗಳ ವೆಬ್‌ಸೈಟ್‌ನಲ್ಲಿ ವಾಪಸ್ ಪಡೆಯುವ ವ್ಯವಸ್ಥೆಯ ವಿವರ ಇರುತ್ತದೆ. ಸತ್ತ ಫೋನು, ಪ್ರಿಂಟರ್ ಕಾರ್ಟ್ರಿಜ್‌ಗೆ ಇದು ಸರಿ. ದುಡ್ಡು ನಿರೀಕ್ಷಿಸಬೇಡಿ. ಜರ್ಮನಿಯಲ್ಲಿರುವ ಕನ್ನಡಿಗರಿಗೆ ಇದು ಗೊತ್ತಿರುತ್ತದೆ: ಅಲ್ಲಿ ದೊಡ್ಡ ಅಂಗಡಿಗಳು, 2022ರ ಜುಲೈಯಿಂದ ದೊಡ್ಡ ಸೂಪರ್‌ಮಾರ್ಕೆಟ್‌ಗಳೂ, ಏನೂ ಕೊಳ್ಳದಿದ್ದರೂ ಸಣ್ಣ ಸಾಧನಗಳನ್ನು ಉಚಿತವಾಗಿ ವಾಪಸ್ ತೆಗೆದುಕೊಳ್ಳಲೇಬೇಕು. ಹಾಲು ತರಲು ಹೋದಾಗ ಹಳೆ ಟೋಸ್ಟರ್ ಕೊಟ್ಟು ಬರಬಹುದು. ನಮ್ಮಲ್ಲಿ ಅಂಗಡಿಯ ಮೇಲೆ ಅಂಥ ಕಡ್ಡಾಯ ಇಲ್ಲ, ಹೊಣೆ ತಯಾರಕರ ಮೇಲಿದೆ.

ಬ್ಯಾಟರಿಯಿಂದ ಕಲಿಯಬೇಕಾದ್ದು

ನಮ್ಮಲ್ಲಿ ವಾಪಸ್ ಪಡೆಯುವ ವ್ಯವಸ್ಥೆ ಯಶಸ್ವಿಯಾಗಿ ನಡೆಯುತ್ತಿರುವುದು ಒಂದೇ ಕಡೆ. ಇನ್ವರ್ಟರ್ ಮತ್ತು ವಾಹನದ ಲೆಡ್-ಆಸಿಡ್ ಬ್ಯಾಟರಿಯಲ್ಲಿ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ. ಯಾರೂ ಪ್ರಚಾರ ಮಾಡಬೇಕಾಗಿಲ್ಲ, ಡಬ್ಬ ಇಡಬೇಕಾಗಿಲ್ಲ. ಬ್ಯಾಟರಿ ತಂದವರೇ ಹಳೆಯದನ್ನು ಹೊತ್ತೊಯ್ಯುತ್ತಾರೆ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ, ಅದಕ್ಕೆ ಬೆಲೆ ಇದೆ. ಹಾಗಂತ ಎಲ್ಲೆಲ್ಲೂ ಕೊಡಬೇಡಿ, ಕದ್ದುಮುಚ್ಚಿ ಸೀಸ ಕರಗಿಸುವವರೂ ಇದ್ದಾರೆ. ಬ್ರ್ಯಾಂಡಿನ ಡೀಲರ್ ಹತ್ತಿರವೇ ಬದಲಾಯಿಸಿ. ಯುಪಿಎಸ್ ಎಸೆಯುವಾಗ ಬ್ಯಾಟರಿ ಬಿಚ್ಚಿ ಈ ದಾರಿಯಲ್ಲಿ ಕಳಿಸಿ, ಉಳಿದ ಪೆಟ್ಟಿಗೆಯನ್ನು ರೀಸೈಕ್ಲರಿಗೆ ಕೊಡಿ.

ಟಿವಿ, ಲ್ಯಾಪ್‌ಟಾಪ್‌ಗೂ ಹೀಗೇ ಮಾಡಬಹುದಿತ್ತು. ಕೊಳ್ಳುವಾಗ ಠೇವಣಿ ಕಟ್ಟಿಸಿಕೊಂಡು, ವಾಪಸ್ ಕೊಟ್ಟಾಗ ಬಡ್ಡಿ ಸಮೇತ ಮರಳಿಸುವ ಯೋಜನೆಗೆ 2016ರ ಇ-ತ್ಯಾಜ್ಯ ನಿಯಮದಲ್ಲಿ ಅವಕಾಶವೇ ಇತ್ತು. ಕಡ್ಡಾಯ ಇರಲಿಲ್ಲ, ಹಾಗಾಗಿ ಬೇರೂರಲಿಲ್ಲ.

ರಿಪೇರಿ, ದಾನ

ಓಡುವ ಕಂಪ್ಯೂಟರಿಗೆ ರೀಸೈಕ್ಲಿಂಗ್ ಕೊನೆಯ ಆಯ್ಕೆ. ವಿಂಡೋಸ್ 11 ಹಾಕಲಾಗದ ಯಂತ್ರಕ್ಕೆ ಅದರ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ, ಒಂದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಕೂರಿಸಿದರೆ ಶಾಲೆಯ ಲ್ಯಾಬಿಗೆ ಇನ್ನೂ ಕೆಲವು ವರ್ಷ ಸಾಕು. ಆದರೆ ದಾನದ ಹೆಸರಲ್ಲಿ ಕಸ ಸಾಗಿಸುವವರೂ ಇದ್ದಾರೆ. ಹಳ್ಳಿ ಶಾಲೆಗೆ ಹತ್ತು ಸತ್ತ ಮಾನಿಟರ್ ಕೊಟ್ಟರೆ ಹೆಡ್‌ಮೇಷ್ಟ್ರಿಗೆ ಹತ್ತು ಮಾನಿಟರ್ ವಿಲೇವಾರಿಯ ತಲೆನೋವು ಕೊಟ್ಟಂತೆ, ಅದೂ ರೀಸೈಕ್ಲರ್ ಹೋಗದ ಊರಿನಲ್ಲಿ. ಕೊಡುವುದಾದರೆ ಓಡುವುದನ್ನು ಕೊಡಿ, ಕೆಟ್ಟ ಮೇಲೆ ವಾಪಸ್ ಒಯ್ಯುವ ಮಾತೂ ಕೊಡಿ.

ಅಪಾರ್ಟ್‌ಮೆಂಟ್ ಸಂಘದವರಿಗೆ

ಹೆಚ್ಚು ಗೊಂದಲ ಇರುವುದು ಇಲ್ಲಿ. ವರ್ಷವಿಡೀ ಇರುವ ಡಬ್ಬ ಒಳ್ಳೆಯದಾ, ಮೂರು ತಿಂಗಳಿಗೊಮ್ಮೆ ಸಂಗ್ರಹದ ದಿನ ಒಳ್ಳೆಯದಾ?

ಡಬ್ಬ ಇದ್ದರೆ ಜನ ನೆನಪಾದಾಗ ಹಾಕುತ್ತಾರೆ, ಮನೆಯೊಳಗೆ ಕೂಡಿಡುವುದಿಲ್ಲ. ಆದರೆ ಅದಕ್ಕೆ ಬೀಗ ಬೇಕು, ಮಳೆ ತಾಗದ ಜಾಗ ಬೇಕು. ಉಬ್ಬಿದ ಬ್ಯಾಟರಿಯನ್ನು ಯಾರೋ ಸದ್ದಿಲ್ಲದೆ ಹಾಕಿದರೆ ಬೇಸ್‌ಮೆಂಟಿನಲ್ಲಿ ಬೆಂಕಿಯ ಅಪಾಯ. ಸಂಗ್ರಹದ ದಿನದಲ್ಲಿ ಈ ಭಯ ಕಡಿಮೆ, ಗಾಡಿ ಒಂದೇ ಸಲ ತುಂಬುತ್ತದೆ, ಫ್ರಿಜ್, ಟಿವಿಯಂಥ ದೊಡ್ಡವೂ ಹೊರಬರುತ್ತವೆ. ಆದರೆ ಆ ಭಾನುವಾರ ಊರಲ್ಲಿ ಇಲ್ಲದವರು ಮುಂದಿನ ಸಲಕ್ಕೆ ಕಾಯಬೇಕು.

ನೂರು ಮನೆಗಿಂತ ಕಡಿಮೆ ಇದ್ದರೆ ಡಬ್ಬ ಬೇಡ ಅನ್ನುತ್ತೇನೆ. ಆರು ತಿಂಗಳಿಗೊಮ್ಮೆ ದಿನ ಗೊತ್ತು ಮಾಡಿ, ಪಕ್ಕದ ಎರಡು ಅಪಾರ್ಟ್‌ಮೆಂಟುಗಳನ್ನೂ ಸೇರಿಸಿಕೊಳ್ಳಿ. ಆ 90 ಕೆಜಿಯ ಲೆಕ್ಕ ನೆನಪಿದೆಯಲ್ಲ, ಮೂರು ಸಂಘ ಸೇರಿದರೆ ಅದನ್ನು ಸುಲಭವಾಗಿ ದಾಟಬಹುದು. ದೊಡ್ಡ ಸಂಕೀರ್ಣಗಳಲ್ಲಿ ಎರಡೂ ಇರಲಿ: ಚಿಲ್ಲರೆಗೆ ಬೀಗ ಹಾಕಿದ ಡಬ್ಬ, ದೊಡ್ಡ ಸಾಮಾನಿಗೆ ಸಂಗ್ರಹದ ದಿನ. ಬ್ಯಾಟರಿಗೆ ಬೇರೆಯೇ ಒಂದು ಲೋಹದ ಡಬ್ಬಿಯಲ್ಲಿ ಒಣ ಮರಳು ಹಾಕಿ ಸೆಕ್ಯುರಿಟಿ ಕೊಠಡಿಯ ಹೊರಗೆ ಇಡಿ. ತುದಿಗಳಿಗೆ ಟೇಪ್ ಅಂಟಿಸಿ ಹಾಕಲು ಹೇಳಿ.

ಇನ್ನೊಂದು ಸೂಕ್ಷ್ಮ ವಿಷಯವನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಹಳೆ ಸಾಮಾನನ್ನು ಗುಜರಿಗೆ ಹಾಕಿ ಬರುವ ದುಡ್ಡು ಎಷ್ಟೋ ಕಡೆ ಹೌಸ್‌ಕೀಪಿಂಗ್‌ನವರ ಕೈಖರ್ಚು. ಸಂಘ ದಿಢೀರಂತ ಡಬ್ಬ ಇಟ್ಟರೆ ಅವರ ಹೊಟ್ಟೆಗೆ ಹೊಡೆದಂತೆ. ಆಮೇಲೆ ಡಬ್ಬಕ್ಕೆ ಮಾಲೇ ಬರುವುದಿಲ್ಲ, ಬಂದದ್ದೂ ಕರಗುತ್ತದೆ. ರೀಸೈಕ್ಲರ್ ಕೊಡುವ ದುಡ್ಡನ್ನು ಪೂರ್ತಿ ಅವರಿಗೇ ಹಂಚುತ್ತೇವೆ ಅಂತ ಮೊದಲೇ ಹೇಳಿ, ಹಾಗೇ ಮಾಡಿ. ಸಂಘದ ನಿಧಿಗೆ ಆ ಮೊತ್ತ ಏನೂ ಅಲ್ಲ. ಅವರಿಗೆ ಅದು ದೊಡ್ಡದು, ಮತ್ತೆ ಮನೆಮನೆಯಿಂದ ಮಾಲು ಹೊರಡಿಸಲು ಅವರಿಗಿಂತ ಒಳ್ಳೆಯ ಸಹಾಯ ಬೇರೆ ಸಿಗುವುದಿಲ್ಲ.

ಸಣ್ಣ ಆಫೀಸು, ಕಾಲೇಜು

ವರ್ಷದಲ್ಲಿ ಯಾವುದೇ ಹೊತ್ತಿಗೆ ನಿಮ್ಮಲ್ಲಿ ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿರುವ ಸಾಧನಗಳು 1,000 ಅಥವಾ ಹೆಚ್ಚು ಇದ್ದರೆ ನೀವು ಕಾನೂನಿನ ಪ್ರಕಾರ ದೊಡ್ಡ ಬಳಕೆದಾರರು. ಪಟ್ಟಿಯಲ್ಲಿ 100ಕ್ಕೂ ಹೆಚ್ಚು ಬಗೆಯ ಸಾಧನಗಳಿವೆ, ಹಾಗಾಗಿ ಒಂದು ಮಧ್ಯಮ ಗಾತ್ರದ ಎಂಜಿನಿಯರಿಂಗ್ ಕಾಲೇಜು ಕೂಡ ಈ ಲೆಕ್ಕಕ್ಕೆ ಬಂದುಬಿಡಬಹುದು. ಆಗ ನೋಂದಾಯಿತ ತಯಾರಕರು, ರಿಪೇರಿ ಮಾಡಿ ಮಾರುವ ಸಂಸ್ಥೆ ಅಥವಾ ರೀಸೈಕ್ಲರ್ ಬಿಟ್ಟು ಬೇರೆಯವರಿಗೆ ಕೊಡುವಂತಿಲ್ಲ. ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಕೊಡುವ ಹಳೆ ಪದ್ಧತಿ ಇಲ್ಲಿಗೆ ನಿಂತಿತು. ಹರಾಜು ಬೇಕೇ ಬೇಕು ಅಂದರೆ ನೋಂದಾಯಿತರ ನಡುವೆ ಮಾತ್ರ ನಡೆಸಿ.

ಅದಕ್ಕಿಂತ ಚಿಕ್ಕ ಆಫೀಸಿಗೆ ಆಯ್ಕೆ ಜಾಸ್ತಿ. ಮೂವತ್ತು ಕಂಪ್ಯೂಟರ್ ಇದ್ದರೆ ಓಡುವುದನ್ನು ಬೇರೆ, ಸತ್ತದ್ದನ್ನು ಬೇರೆ ಮಾಡಿ. ಓಡುವುದಕ್ಕೆ ರಿಪೇರಿ ಮಾಡಿ ಮಾರುವವರು ಒಳ್ಳೆ ಬೆಲೆ ಕೊಡುತ್ತಾರೆ. ಸತ್ತದ್ದು ರೀಸೈಕ್ಲರಿಗೆ. ಹಾರ್ಡ್ ಡಿಸ್ಕ್ ಮಾತ್ರ ಹೊರಗೆ ಹೋಗುವ ಮೊದಲು ಅಳಿಸಿ. ಡಿಲೀಟ್ ಒತ್ತಿದರೆ, ಫಾರ್ಮ್ಯಾಟ್ ಮಾಡಿದರೆ ಸಾಲದು. ತಿರುಗುವ ಡಿಸ್ಕ್ ಆದರೆ ಮೇಲೆ ಬರೆದು ಅಳಿಸುವ ಸಾಫ್ಟ್‌ವೇರ್ ಬಳಸಿ, ಎಸ್‌ಎಸ್‌ಡಿಗೆ ಅದರದ್ದೇ ಸೆಕ್ಯೂರ್ ಇರೇಸ್ ಇರುತ್ತದೆ. ಸತ್ತ ಡಿಸ್ಕ್‌ಗೆ ಡ್ರಿಲ್ಲಿಂಗ್ ಮೆಷಿನ್ನೇ ಮದ್ದು. ಗ್ರಾಹಕರ ದಾಖಲೆ ಇಟ್ಟುಕೊಂಡ ಆಡಿಟರು, ವಕೀಲರು, ಡಾಕ್ಟರು ಐನೂರು ರೂಪಾಯಿ ಹೆಚ್ಚು ಬರುತ್ತದೆ ಅಂತ ಡಿಸ್ಕ್ ಸಮೇತ ಮಾರುವುದು ನನಗಂತೂ ಅರ್ಥವಾಗದ ಧೈರ್ಯ.

ರೀಸೈಕ್ಲರಿಗೆ ಫೋನ್ ಮಾಡುವಾಗ ಒಟ್ಟು ಲಾಟಿಗೆ ಒಂದೇ ಬೆಲೆ ಕೇಳಬೇಡಿ. ಬಗೆಬಗೆಗೆ ಬೇರೆ ದರ ಕೇಳಿ. ನೋಂದಣಿ ಸಂಖ್ಯೆ ಪಡೆದು ಪೋರ್ಟಲ್‌ನಲ್ಲಿ ನೋಡಿ. ತೂಕ ನಿಮ್ಮೆದುರೇ ಆಗಲಿ. ಸೀರಿಯಲ್ ನಂಬರ್ ಸಮೇತ ಪಟ್ಟಿ ಕೊಟ್ಟು ಸಹಿ ಹಾಕಿಸಿಕೊಳ್ಳಿ, ರೀಸೈಕಲ್ ಆದ ಪ್ರಮಾಣಪತ್ರ ಎಷ್ಟು ದಿನದಲ್ಲಿ ಬರುತ್ತದೆ ಅಂತ ಮೇಲ್‌ನಲ್ಲೇ ಬರೆಸಿಕೊಳ್ಳಿ.

ತಾಲೂಕು ಕೇಂದ್ರದಲ್ಲಿ ಇದ್ದರೆ

ಫೋನಿಗೆ ಎಕ್ಸ್‌ಚೇಂಜ್, ಫ್ರಿಜ್ಜಿಗೆ ಹಬ್ಬದ ಆಫರ್, ಇನ್ವರ್ಟರ್ ಬ್ಯಾಟರಿಗೆ ಡೀಲರ್. ಇಷ್ಟರಲ್ಲೇ ಮನೆಯ ತೂಕದ ಬಹುಪಾಲು ಮುಗಿಯಿತು. ಉಳಿದ ಚಿಲ್ಲರೆಯನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಟ್ಟು ಕಾಯುವುದರಲ್ಲಿ ತಪ್ಪೇನಿಲ್ಲ, ಬ್ಯಾಟರಿ ಮಾತ್ರ ಅದರಲ್ಲಿ ಇರಬಾರದು. ಬೆಂಗಳೂರಿಗೆ ಕಾರಿನಲ್ಲಿ ಹೋಗುವ ಮಗನೋ ಮಗಳೋ ಇದ್ದರೆ ಅವರ ಅಪಾರ್ಟ್‌ಮೆಂಟಿನ ಸಂಗ್ರಹದ ದಿನಕ್ಕೆ ಕಳಿಸಿ. ಕೊರಿಯರ್ ಯೋಚನೆ ಬೇಡ, ಲಿಥಿಯಂ ಬ್ಯಾಟರಿ ಇದ್ದರೆ ತೆಗೆದುಕೊಳ್ಳದೆ ಇರಬಹುದು, ತೂಕಕ್ಕೆ ಖರ್ಚೂ ಜಾಸ್ತಿ. ಊರಿನ ಕಾಲೇಜಿನ ಎನ್‌ಎಸ್‌ಎಸ್ ಘಟಕ ವರ್ಷಕ್ಕೊಮ್ಮೆ ಇಡೀ ಊರಿನದ್ದನ್ನು ಕೂಡಿಸಲು ಒಪ್ಪಿದರೆ, ಒಂದು ಲಾರಿ ತುಂಬುವಷ್ಟು ಬಂದೇ ಬರುತ್ತದೆ. ಅಷ್ಟು ಇದ್ದರೆ ರೀಸೈಕ್ಲರ್ ಚಿತ್ರದುರ್ಗಕ್ಕೂ ಬರುತ್ತಾರೆ. ಮೊದಲು ದಿನ ಗೊತ್ತು ಮಾಡಿ ಆಮೇಲೆ ಅವರನ್ನು ಹುಡುಕಬೇಡಿ. ಅವರಿಂದ ಒಪ್ಪಿಗೆ, ಕನಿಷ್ಠ ತೂಕ, ಡಬ್ಬಾ ಟಿವಿಯ ದರ ಮೂರನ್ನೂ ಬರೆಸಿಕೊಂಡು ಆಮೇಲೆ ಊರಿಗೆ ಡಂಗುರ ಹೊಡೆಸಿ. ಇಲ್ಲದಿದ್ದರೆ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಅರವತ್ತು ಡಬ್ಬಾ ಟಿವಿ ಸಾಲಾಗಿ ಕೂತು, ಪ್ರಿನ್ಸಿಪಾಲರು ನಿಮ್ಮನ್ನು ಹುಡುಕುತ್ತಾರೆ.